ತನ್ನ ನಂತರದವರನ್ನು ಬೆಳೆಸಿದ ಜುಜೆ ವಾಜ್

ಮುಂಬೈಯಿಂದ ಊರಿಗೆ ಹೊರಟ ಮತ್ಸ್ಯಗಂಧ ರೈಲು ಮಡಗಾಂವ್‌ನಲ್ಲಿ ನಿಲ್ಲುವಾಗ ಕುಂದಾಪುರದ ನಮಗೆಲ್ಲ ಗಾಢ ನಿದ್ದೆ. ಆ ನಿಲ್ದಾಣದಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಬೆನೌಲಿ ಎಂಬ ಊರಿದೆ. ಕುಂದಾಪುರದ ರೋಜರಿ ಚರ್ಚ್‌ನವರೂ ಮುಡಿಪು ಗುಡ್ಡಕ್ಕೆ ಹರಕೆ ಹೊತ್ತು ಹೋಗುವವರೂ ನೆನೆಯುವ ಸಂತ ಜುಜೆ ವಾಜ್ (ಪುಸ್ತಕಗಳಲ್ಲಿ ಜೋಸೆಫ್ ವಾಜ್) 1651ರ ಏಪ್ರಿಲ್ 21ರಂದು ಹುಟ್ಟಿದ್ದು ಅಲ್ಲಿ, ತಾಯಿಯ ತವರಿನಲ್ಲಿ. ತಂದೆಯ ಊರು ಸಾಂಕವಾಳ. ಮನೆಮಾತು ಕೊಂಕಣಿ.

ಕಂಪನಿಯೊಂದರಲ್ಲಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ತರಬೇತಿ ಕೊಡುವುದು ನನ್ನ ಹೊಟ್ಟೆಪಾಡು. ಅದಕ್ಕೋ ಏನೋ, ವಾಜರ ಹೆಸರಿಗೆ ಅಂಟಿಕೊಂಡ ಪವಾಡಗಳಿಗಿಂತ ಅವರು ಜನರನ್ನು ತಯಾರು ಮಾಡಿದ ರೀತಿಯೇ ನನ್ನನ್ನು ಹೆಚ್ಚು ಸೆಳೆದದ್ದು.

ಅವರು ಸಾಂಕವಾಳದಲ್ಲಿ ಪೋರ್ಚುಗೀಸ್ ಕಲಿತರು, ಬೆನೌಲಿಯಲ್ಲಿ ಲ್ಯಾಟಿನ್. ಮುಂದಿನ ಓದು ಹಳೆಗೋವೆಯಲ್ಲಿ, ಜೆಸ್ವಿಟರ ಸೇಂಟ್ ಪಾಲ್ ಕಾಲೇಜಿನಲ್ಲಿ ಮತ್ತು ಡೊಮಿನಿಕನ್ನರ ಅಕಾಡೆಮಿಯಲ್ಲಿ. 1676ರಲ್ಲಿ ಗುರುದೀಕ್ಷೆ ಆಯಿತು. ಆಗಿನ ಗೋವೆಯಲ್ಲಿ ಊರಿನ ಹುಡುಗ ಪಾದ್ರಿಯಾಗಬಹುದಿತ್ತು, ಆದರೆ ಯುರೋಪಿನ ದೊಡ್ಡ ದೊಡ್ಡ ಧಾರ್ಮಿಕ ಸಭೆಗಳ ಬಾಗಿಲು ಅವನಿಗೆ ಬಹುತೇಕ ಮುಚ್ಚಿತ್ತು. ಎಷ್ಟೇ ಓದಿದ್ದರೂ ಬಿಳಿಯ ಪಾದ್ರಿಯ ಕೈಕೆಳಗಿನ ಸಹಾಯಕನಾಗಿ ಉಳಿಯಬೇಕಿತ್ತು. ದೀಕ್ಷೆಯಾದ ಮೇಲೆ ವಾಜ್ ಸಾಂಕವಾಳದಲ್ಲೊಂದು ಲ್ಯಾಟಿನ್ ಶಾಲೆ ತೆರೆದರು. ಲ್ಯಾಟಿನ್ ಬಾರದ ಹುಡುಗನಿಗೆ ಸೆಮಿನರಿಯ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ.

1681ರಲ್ಲಿ ಅವರನ್ನು ಕೆನರಾಕ್ಕೆ ಕಳಿಸಿದರು. ನಮ್ಮ ಕರಾವಳಿಯನ್ನು ಆಗ ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮ. ಇಲ್ಲಿನ ಕ್ರೈಸ್ತರ ಪಾಡು ಸರಿಯಿರಲಿಲ್ಲ. ಪೋರ್ಚುಗಲ್ ದೊರೆಯ ಹಕ್ಕಿನ ಪಾದ್ರಿಗಳು ಒಂದು ಕಡೆ, ರೋಮ್ ನೇರವಾಗಿ ನೇಮಿಸಿದ ಬಿಷಪ್ ಥಾಮಸ್ ಡಿ ಕ್ಯಾಸ್ಟ್ರೊ ಇನ್ನೊಂದು ಕಡೆ. ಕ್ಯಾಸ್ಟ್ರೊ ಕೂಡ ಗೋವೆಯವರೇ. ಯಾರು ಮಾಡಿಸಿದ ಮದುವೆ ಊರ್ಜಿತ, ಯಾರು ಕೊಟ್ಟ ಪಾಪಕ್ಷಮೆ ಸಲ್ಲುತ್ತದೆ ಎಂದು ತಿಳಿಯದೆ ಜನ ಕಂಗಾಲಾಗಿದ್ದರು. ವಾಜ್ ರಾಜಿಗೆ ಪ್ರಯತ್ನಿಸುತ್ತ ಮಂಗಳೂರು, ಬಸ್ರೂರು, ಕುಂದಾಪುರ, ಗಂಗೊಳ್ಳಿಗಳನ್ನು ಸುತ್ತಿದರು, ಚರ್ಚ್ ಕಟ್ಟಿಸಿದರು, ಶಾಲೆ ನಡೆಸಿದರು. ಮೂರು ವರ್ಷದ ಮೇಲೆ ಗೋವೆಗೆ ಮರಳಿದರು. ಹೊಳೆಗೊಂದು ಊರು, ಊರಿಗೊಂದು ತಕರಾರು. ಒಬ್ಬನೇ ಪಾದ್ರಿ ಎಷ್ಟು ಓಡಾಡಿದರೂ ಅವನು ಹೋದ ಮೇಲೆ ಏನೂ ನಿಲ್ಲುವುದಿಲ್ಲ ಎಂಬುದನ್ನು ಅವರು ಕಂಡುಕೊಂಡದ್ದು ನಮ್ಮೂರಲ್ಲೇ ಇರಬೇಕು ಎಂದು ನನ್ನ ಊಹೆ.

ಏಕೆಂದರೆ ಮುಂದೆ ಅವರು ಕೈಹಾಕಿದ ಕೆಲಸ ಅಂಥದು. ಹಳೆಗೋವೆಯ ಗುಡ್ಡದ ಹೋಲಿಕ್ರಾಸ್ ಚರ್ಚಿನಲ್ಲಿ ಕೆಲವು ಗೋವನ್ ಪಾದ್ರಿಗಳು ಒಟ್ಟಾಗಿ ಬಾಳತೊಡಗಿದ್ದರು. 1685ರಲ್ಲಿ ವಾಜ್ ಅವರನ್ನು ಸೇರಿ ಮುಖ್ಯಸ್ಥರಾದರು. ರೋಮ್‌ನ ಫಿಲಿಪ್ ನೇರಿ ಹಾಕಿಕೊಟ್ಟ ಆರೇಟರಿಯ ಕಟ್ಟಳೆಯನ್ನು ಅಲ್ಲಿ ತಂದರು: ಒಂದೇ ಸೂರು, ಒಂದೇ ಊಟ, ದಿನವೂ ಪ್ರಾರ್ಥನೆ, ಹಳ್ಳಿಗಳಿಗೆ ಹೋಗಿ ಉಪದೇಶ. ಹೀಗೆ ಊರಿನವರೇ ನಡೆಸುವ, ಊರಿನ ತರುಣರನ್ನು ದೂರದ ಸೇವೆಗೆ ಹದಗೊಳಿಸುವ ಮನೆಯೊಂದು ನಿಂತಿತು. ಆದರೆ ಅಲ್ಲಿಯೂ ಬ್ರಾಹ್ಮಣ ಮೂಲದ ಕುಟುಂಬದವರಿಗೆ ಮಾತ್ರ ಪ್ರವೇಶ. ಬಿಳಿಯರು ಮುಚ್ಚಿದ ಬಾಗಿಲ ಮುಂದೆ ನಿಂತು ನೊಂದವರು ತಮ್ಮ ಮನೆಗೂ ಒಂದು ಬಾಗಿಲು ಹಾಕಿಕೊಂಡರು. ಸಂತರ ಕಥೆ ಹೇಳುವವರು ಇದನ್ನು ಸಾಮಾನ್ಯವಾಗಿ ದಾಟಿ ಹೋಗುತ್ತಾರೆ.

ಅಷ್ಟರಲ್ಲಿ ವಾಜರ ಮನಸ್ಸು ಶ್ರೀಲಂಕಾದ ಕಡೆ ತಿರುಗಿತ್ತು. ಡಚ್ಚರು 1658ರಲ್ಲಿ ಅಲ್ಲಿಂದ ಪೋರ್ಚುಗೀಸರನ್ನೂ ಕಥೋಲಿಕ ಪಾದ್ರಿಗಳನ್ನೂ ಓಡಿಸಿದ್ದರು. ಅಡಗಿರುವ ಪಾದ್ರಿಗೆ ಆಶ್ರಯ ಕೊಟ್ಟವರಿಗೆ ಕಠಿಣ ಶಿಕ್ಷೆ. ಬಿಳಿಯ ಪಾದ್ರಿ ಹೋದರೆ ಬಂದರಿನಲ್ಲೇ ಸಿಕ್ಕಿಬೀಳುತ್ತಿದ್ದ. ಕಪ್ಪು ಮೈಬಣ್ಣದ ವಾಜ್ ಕೂಲಿಯ ವೇಷದಲ್ಲಿ, ಜಾನ್ ಎಂಬ ಸೇವಕನೊಬ್ಬನ ಜೊತೆ, ತೂತ್ತುಕುಡಿಯ ದಾರಿಯಾಗಿ 1687ರಲ್ಲಿ ಜಾಫ್ನಾ ಮುಟ್ಟಿದರು. ಹೋದವರಿಗೆ ಆಮಶಂಕೆ ಹಿಡಿಯಿತು, ಸಾಯುವ ಸ್ಥಿತಿ ಬಂತು. ಚೇತರಿಸಿಕೊಂಡ ಮೇಲೆ ಕುತ್ತಿಗೆಗೆ ಜಪಮಾಲೆ ಹಾಕಿಕೊಂಡು ಭಿಕ್ಷೆಗೆ ಹೊರಟರು. ಯಾರ ಕಣ್ಣು ಆ ಮಾಲೆಯ ಮೇಲೆ ನಿಲ್ಲುತ್ತದೋ ಅವರು ತಮ್ಮವರು ಎಂಬ ಲೆಕ್ಕ.

ಪೂಜೆ ರಾತ್ರಿ ಮಾತ್ರ, ಅದೂ ದಿನಕ್ಕೊಂದು ಮನೆಯಲ್ಲಿ. ಪಾದ್ರಿ ವರ್ಷಕ್ಕೊಮ್ಮೆ ಬಂದರೂ ಹೆಚ್ಚು. ಉಳಿದ ದಿನಗಳಿಗಾಗಿ ವಾಜ್ ಹಳ್ಳಿಯ ಗೃಹಸ್ಥರನ್ನೇ ತಯಾರು ಮಾಡಿದರು. ಪ್ರಾರ್ಥನೆ ನಡೆಸಿ ಮಕ್ಕಳಿಗೆ ಧರ್ಮಪಾಠ ಹೇಳುವವನು ಅಣ್ಣಾವಿ. ಊರಿನ ಕ್ರೈಸ್ತರ ಕಾರ್ಯಗಳನ್ನು ನೋಡಿಕೊಳ್ಳುವ ಹಿರಿಯ ಮೂಪ್ಪ. ಎರಡೂ ಅಲ್ಲಿನ ಜನರ ಬಾಯಲ್ಲಿದ್ದ ಮಾತುಗಳೇ.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂದು ಬಂಧಿಸಿದರು. ಸೆರೆಯಲ್ಲಿ ಕೂತು ಅವರು ಸಿಂಹಳ ಕಲಿತರು. ಬೌದ್ಧ ದೊರೆ ಎರಡನೇ ವಿಮಲಧರ್ಮಸೂರ್ಯ ನಿಧಾನವಾಗಿ ಅವರನ್ನು ನಂಬಿದ, ಕೊನೆಗೆ ಸ್ವತಂತ್ರವಾಗಿ ಓಡಾಡಲು ಬಿಟ್ಟ. ಸುಮಾರು ಹತ್ತು ವರ್ಷ ದ್ವೀಪಕ್ಕೆಲ್ಲ ಅವರೊಬ್ಬರೇ ಪಾದ್ರಿ. ಆಮೇಲೆ ಗೋವೆಯ ಆ ಮನೆಯಿಂದ ಜೋಸೆಫ್ ಮೆನೆಜೆಸ್, ಜೋಸೆಫ್ ಕರ್ವಾಲೊ ಬಂದರು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿಯಿತು. ಉಳ್ಳವರು ಊರು ಬಿಟ್ಟರು, ರೋಗಿಗಳನ್ನು ಕಾಡಿಗೆ ಎಸೆದರು. ವಾಜ್ ಮತ್ತು ಕರ್ವಾಲೊ ಅವರನ್ನು ಹುಡುಕಿ, ಜಾತಿ ಮತ ಕೇಳದೆ ಹುಣ್ಣು ತೊಳೆದರು, ಗಂಜಿ ಕುಡಿಸಿದರು, ಸತ್ತವರನ್ನು ಮಣ್ಣು ಮಾಡಿದರು. ಹೊಸದಾಗಿ ಬಂದ ಕರ್ವಾಲೊಗೆ ಇದಕ್ಕಿಂತ ದೊಡ್ಡ ತರಬೇತಿ ಇನ್ನೇನಿತ್ತು?

1705ರಲ್ಲಿ ಬಂದವರು ಜಾಕೊಮೆ ಗೊನ್ಸಾಲ್ವಿಸ್, ಗೋವೆಯ ದಿವಾಡಿ ದ್ವೀಪದವರು. ಈ ತರುಣನಿಗೆ ಭಾಷೆ ಒಲಿಯುತ್ತದೆ ಎಂಬುದನ್ನು ವಾಜ್ ಗುರುತಿಸಿ ಸಿಂಹಳ ಮತ್ತು ತಮಿಳಿನ ಅಭ್ಯಾಸಕ್ಕೆ ಹಚ್ಚಿದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ವಾಜ್ ತೀರಿಕೊಂಡರು. ಅರವತ್ತು ತುಂಬಿರಲಿಲ್ಲ. ಲಂಕೆಗೆ ಕಾಲಿಟ್ಟ ಮೇಲೆ ಒಮ್ಮೆಯೂ ಊರಿಗೆ ಮರಳಿರಲಿಲ್ಲ. 2015ರಲ್ಲಿ ಪೋಪ್ ಫ್ರಾನ್ಸಿಸ್ ಕೊಲಂಬೊದ ಸಮುದ್ರದಂಡೆಯಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಗೋವೆಯ ಆ ಮನೆ ಮುಂದೆಯೂ ನೂರಕ್ಕೂ ಹೆಚ್ಚು ವರ್ಷ ಲಂಕೆಗೆ ಪಾದ್ರಿಗಳನ್ನು ಕಳಿಸುತ್ತಲೇ ಇತ್ತು. 1834ರಲ್ಲಿ ಪೋರ್ಚುಗಲ್ ಸರ್ಕಾರ ಧಾರ್ಮಿಕ ಸಭೆಗಳನ್ನೆಲ್ಲ ರದ್ದು ಮಾಡಿದಾಗ ಅದಕ್ಕೂ ಬೀಗ ಬಿತ್ತು. ಗೊನ್ಸಾಲ್ವಿಸ್ 1742ರವರೆಗೆ ಬದುಕಿ ಸಿಂಹಳದಲ್ಲೂ ತಮಿಳಿನಲ್ಲೂ ಪುಸ್ತಕದ ಮೇಲೆ ಪುಸ್ತಕ ಬರೆದರು. ಯೇಸುವಿನ ಯಾತನೆಯ ಕುರಿತು ಅವರು ಸಿಂಹಳದಲ್ಲಿ ಬರೆದದ್ದನ್ನು ಲಂಕೆಯ ಕಥೋಲಿಕ ಹಳ್ಳಿಗಳಲ್ಲಿ ಕಪ್ಪುದಿನಗಳ ವ್ರತದ ಕಾಲಕ್ಕೆ ಈಗಲೂ ರಾಗವಾಗಿ ಓದುತ್ತಾರೆ.