248 ಕ್ರಿಯಾಪದ ಬಾಯಿಪಾಠ, ಆದ್ರೂ ಮಾತು ಬರಲಿಲ್ಲ: ಗ್ವಾಂ ಮೇಷ್ಟ್ರ ಕಥೆ

ಗೋ, ವೆಂಟ್, ಗಾನ್ ಅಂತ ಶಾಲೇಲಿ ಉರು ಹೊಡೆದು, ಅಂಗಡಿಗೆ ಇಂಗ್ಲಿಷ್ ಮಾತಾಡೋ ಗಿರಾಕಿ ಬಂದಾಗ ತಡಬಡಾಯಿಸಿದವರು ನಮ್ಮ ತಾಲ್ಲೂಕಿನಲ್ಲಿ ಕಮ್ಮಿ ಇಲ್ಲ. ಇದೇ ಪಾಡು ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾನ್ಸಿನ ಒಬ್ಬ ಮೇಷ್ಟ್ರಿಗೂ ಬಂದಿತ್ತು. ಹೆಸರು ಫ್ರಾಂಸ್ವಾ ಗ್ವಾಂ. ಹುಟ್ಟಿದ್ದು 1831ರಲ್ಲಿ. ಭಾಷೆ ಕಲಿಸುವವರ ನಡುವೆ ಇವತ್ತಿಗೂ ಈ ಹೆಸರು ಓಡಾಡುತ್ತೆ.

ಗ್ವಾಂ ಲ್ಯಾಟಿನ್ ಮೇಷ್ಟ್ರು. ಜರ್ಮನ್ ಕಲಿಯಲು ಹ್ಯಾಂಬರ್ಗ್ ಊರಿಗೆ ಹೋದರು. ಲ್ಯಾಟಿನ್ ಕಲಿತ ಹಾಗೇ ಇದನ್ನೂ ಕಲಿತರಾಯ್ತು ಅಂತ ಕೋಣೆ ಸೇರಿಕೊಂಡು, ಹತ್ತೇ ದಿನದಲ್ಲಿ ವ್ಯಾಕರಣ ಪುಸ್ತಕ, 248 ಕ್ರಿಯಾಪದಗಳ ಪಟ್ಟಿ ಎರಡನ್ನೂ ಬಾಯಿಪಾಠ ಮಾಡಿದರು. ಖುಷಿಯಿಂದ ಪಾಠ ಕೇಳಲು ಹೋದರೆ ಒಂದು ಪದವೂ ತಲೆಗೆ ಹೋಗಲಿಲ್ಲ. ಗಯಟೆ, ಶಿಲ್ಲರ್ ಕೃತಿಗಳನ್ನು ಅನುವಾದ ಮಾಡಿ ನೋಡಿದರು. ಕೊನೆಗೆ ನಿಘಂಟಿನ 30,000 ಪದಗಳನ್ನೇ ಉರು ಹೊಡೆದರು! ಅದೂ ಉಪಯೋಗಕ್ಕೆ ಬರಲಿಲ್ಲ. ಒಮ್ಮೆ ಜನರ ಜೊತೆ ಮಾತಾಡಲು ಹೋದರೆ ಅವರು ನಕ್ಕುಬಿಟ್ಟರು. ನಾಚಿಕೆಯಾಗಿ ಮೇಷ್ಟ್ರು ಮತ್ತೆ ಕೋಣೆ ಸೇರಿದರು. ನನ್ನ ಕೇಳಿದರೆ ಅವರು ಎಡವಿದ್ದೇ ಅಲ್ಲಿ.

ವರ್ಷ ಕಳೆದು ಸೋತು ಊರಿಗೆ ವಾಪಸ್ ಬಂದರೆ, ಮನೆಯಲ್ಲಿ ಅಚ್ಚರಿ ಕಾದಿತ್ತು. ಹೋಗುವಾಗ ಮಾತೇ ಬಾರದಿದ್ದ, ಒಡಹುಟ್ಟಿದವರ ಮಗು ಈಗ ಮೂರು ವರ್ಷಕ್ಕೆ ಅರಳು ಹುರಿದಂತೆ ಮಾತಾಡುತ್ತಿತ್ತು. ಮೇಷ್ಟ್ರಿಗೆ ವರ್ಷವಿಡೀ ಆಗದ್ದು ಈ ಕೂಸಿಗೆ ಹೇಗಾಯ್ತು?

ಒಂದು ದಿನ ಆ ಮಗು ಹಿಟ್ಟಿನ ಗಿರಣಿ ನೋಡಿ ಬಂತು. ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಪುಟ್ಟ ಚೀಲಗಳಿಗೆ ಮರಳು ತುಂಬಿ, ಹೊತ್ತು, ಆಟದ ಗಿರಣಿಗೆ ಸುರಿದು, ಹರಿಯೋ ನೀರಲ್ಲಿ ಚಕ್ರ ತಿರುಗಿಸಿತು. ಮೊದಲು ಇದು, ಆಮೇಲೆ ಅದು ಅಂತ ಪ್ರತಿ ಕೆಲಸವನ್ನೂ ಬಾಯಲ್ಲಿ ಹೇಳುತ್ತಲೇ ಮಾಡಿತು. ಮೇಷ್ಟ್ರು ನಿಂತು ನೋಡಿದರು. ಮಾತು ಕೆಲಸದ ಬೆನ್ನಿಗೆ ಬರುತ್ತೆ, ವಾಕ್ಯದ ಜೀವ ಕ್ರಿಯಾಪದದಲ್ಲಿದೆ ಅಂತ ಅವರಿಗೆ ಹೊಳೆದದ್ದು ಆಗ.

ಇದರಿಂದ ಹುಟ್ಟಿದ್ದೇ ಸರಣಿ ಪದ್ಧತಿ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ, ಬೆಳಿಗ್ಗೆ ಅಂಗಡಿ ತೆರೆಯೋದನ್ನೇ ತಗೊಳ್ಳಿ. ಬೀಗ ತೆಗೀತೀನಿ, ಶಟರ್ ಎತ್ತುತೀನಿ, ಒಳಗೆ ಹೋಗ್ತೀನಿ, ಲೈಟ್ ಹಾಕ್ತೀನಿ. ಮಾಡುತ್ತಾ ಹೇಳಬೇಕು. ಆಮೇಲೆ ಅದನ್ನೇ ನಿನ್ನೆಯದಾಗಿ ಹೇಳಬೇಕು: ಬೀಗ ತೆಗೆದೆ, ಶಟರ್ ಎತ್ತಿದೆ. ಇನ್ನೊಬ್ಬನ ಬಗ್ಗೆ ಹೇಳುವಾಗ ತೆಗೆದ, ಎತ್ತಿದ. ಕಾಲ, ಪುರುಷ ಅಂತ ಪಟ್ಟಿ ಹಾಕದೇ ವ್ಯಾಕರಣ ನಾಲಿಗೆಗೆ ಹತ್ತುತ್ತೆ. ಗ್ವಾಂ ಪಾಠಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು ಬಾಗಿಲ ತನಕ ನಡೆದು ಬಾಗಿಲು ತೆರೆಯೋ ಪಾಠ.

ಕೊರತೆಯೂ ಇತ್ತು ಬಿಡಿ. ಬಾಗಿಲು ತೆರೆದು ತೋರಿಸಬಹುದು, ನಂಬಿಕೆ, ನ್ಯಾಯ ಇವನ್ನೆಲ್ಲ ಮಾಡಿ ತೋರಿಸೋದು ಹೇಗೆ? ಬಾಗಿಲ ತನಕ ಹೋಗಲು ಅಷ್ಟೊಂದು ವಾಕ್ಯ ಯಾರೂ ಹೇಳಲ್ಲ ಕೂಡ.

ಗ್ವಾಂ ಪುಸ್ತಕ 1880ರಲ್ಲಿ ಬಂತು, 1892ರಲ್ಲಿ ಇಂಗ್ಲಿಷಿಗೆ ಹೋಯಿತು. ಅಷ್ಟರಲ್ಲಿ ಅಮೆರಿಕದಲ್ಲಿ ಬರ್ಲಿಟ್ಜ್ ಶಾಲೆಗಳು ಶುರುವಾಗಿದ್ದವು, ಹೆಸರು ಹೆಚ್ಚು ಅವರಿಗೇ ಸಿಕ್ಕಿತು. ಗ್ವಾಂ 1896ರಲ್ಲಿ ತೀರಿಕೊಂಡರು.

ನಮ್ಮ ಕಡೆಯೂ ಇಂಥದ್ದೊಂದು ಪ್ರಯತ್ನ ನಡೆದಿದೆ, ದಾರಿ ಮಾತ್ರ ಬೇರೆ. 1979ರಿಂದ ಐದು ವರ್ಷ ಎನ್.ಎಸ್. ಪ್ರಭು ಅವರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣ ಪಾಠ ಬದಿಗಿಟ್ಟು, ಮಕ್ಕಳ ಕೈಗೆ ನಕ್ಷೆ, ರೈಲಿನ ವೇಳಾಪಟ್ಟಿ ಕೊಟ್ಟು ಇಂಗ್ಲಿಷಲ್ಲೇ ಲೆಕ್ಕ ಬಿಡಿಸಲು ಹಚ್ಚಿದರು. ಹೊರದೇಶದ ಪುಸ್ತಕಗಳಲ್ಲಿ ಅದಕ್ಕೆ ಬೆಂಗಳೂರು ಪ್ರಾಜೆಕ್ಟ್ ಅಂತಲೇ ಹೆಸರು.