ಬೀಡು ಕಬ್ಬಿಣ ಮತ್ತು ಸ್ಲಾವ್ಯಾನೊವ್

ಹೋದ ಸೆಮಿಸ್ಟರ್‌ನಲ್ಲಿ ನಮ್ಮ ಎಟಿವಿ ಟೀಮ್ ಗುಜರಿಯಿಂದ ಒಂದು ಹಳೇ ರಿಯರ್ ಆಕ್ಸಲ್ ತಂದಿತ್ತು. ಅದರ ಹೌಸಿಂಗ್ ಮೇಲೆ ಲಿಂಕ್ ಕೂರಿಸೋಕೆ ಎರಡು ಬ್ರಾಕೆಟ್ ಬೇಕಿತ್ತು. ವರ್ಕ್‌ಶಾಪಿನಲ್ಲಿದ್ದ ಮಾಮೂಲಿ 6013 ರಾಡ್ ಹಿಡಿದು ವೆಲ್ಡ್ ಹೊಡೆದೆವು. ನೋಡೋಕೆ ಚೆನ್ನಾಗೇ ಇತ್ತು. ಟೀ ಕುಡಿಯೋಕೆ ಹೊರಟಾಗ ಹಿಂದಿನಿಂದ 'ಟಿಕ್' ಅಂತ ಸದ್ದು. ವಾಪಸ್ ಬಂದು ನೋಡಿದರೆ ವೆಲ್ಡಿನ ಪಕ್ಕದಲ್ಲೇ ಕೂದಲೆಳೆಯಷ್ಟು ಬಿರುಕು. ಹೌಸಿಂಗ್ ಬೀಡು ಕಬ್ಬಿಣದ್ದು ಅಂತ ಯಾರೂ ನೋಡಿಯೇ ಇರಲಿಲ್ಲ.

ಯಾಕೆ ಹೀಗಾಯ್ತು ಅಂತ ಹುಡುಕುತ್ತಾ ಹೋದಾಗ ಸಿಕ್ಕವನು ನಿಕೊಲಾಯ್ ಸ್ಲಾವ್ಯಾನೊವ್. ರಷ್ಯಾದಲ್ಲಿ ವೆಲ್ಡಿಂಗ್ ಅಂದರೆ ಮೊದಲು ಬರೋ ಹೆಸರುಗಳಲ್ಲಿ ಈತನದ್ದೂ ಒಂದು. ನಮ್ಮ ಸಿಲಬಸ್‌ನಲ್ಲಿ ಮಾತ್ರ ಎಲ್ಲೂ ಕಂಡಿರಲಿಲ್ಲ.

ಹುಟ್ಟಿದ್ದು 1854ರಲ್ಲಿ, ವೊರೊನೆಜ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ. ಸೇಂಟ್ ಪೀಟರ್ಸ್‌ಬರ್ಗ್‌ನ ಗಣಿ ಸಂಸ್ಥೆಯಲ್ಲಿ ಓದಿ 1877ರಲ್ಲಿ ಹೊರಬಿದ್ದ. ಯುರಲ್ ಕಡೆಯ ಒಂದೆರಡು ಕಾರ್ಖಾನೆಗಳಲ್ಲಿ ಕೆಲಸ ಮಾಡಿ 1883ರಲ್ಲಿ ಪೆರ್ಮ್ ಊರಿನ ಮೊತೊವಿಲಿಖಾ ಫಿರಂಗಿ ಕಾರ್ಖಾನೆಗೆ ಬಂದ. ಕೊನೆಯವರೆಗೂ ಅಲ್ಲೇ. 1891ರ ಹೊತ್ತಿಗೆ ಇಡೀ ಕಾರ್ಖಾನೆಯ ಮುಖ್ಯಸ್ಥನಾಗಿದ್ದ.

ದೊಡ್ಡ ದೊಡ್ಡ ಎರಕಗಳ ಕಾರ್ಖಾನೆ ಅದು. ಎರಕ ಅಂದಮೇಲೆ ಗಾಳಿಗುಳ್ಳೆ, ಬಿರುಕು ಎಲ್ಲಾ ಇದ್ದದ್ದೇ. ಟನ್‌ಗಟ್ಟಲೆ ತೂಕದ ಪಾರ್ಟಿನಲ್ಲಿ ಒಂದು ತೂತು ಬಿದ್ದರೂ ಇಡೀ ಪಾರ್ಟು ಮತ್ತೆ ಕುಲುಮೆಗೆ ಹೋಗಬೇಕಿತ್ತು. ಅದೇ ಕಾಲದಲ್ಲಿ ಇನ್ನೊಬ್ಬ ರಷ್ಯನ್, ಬೆನಾರ್ಡೋಸ್, ಕಾರ್ಬನ್ ಕಡ್ಡಿಯಿಂದ ಆರ್ಕ್ ಹೊತ್ತಿಸಿ ಲೋಹ ಬೆಸೆಯೋದನ್ನ ತೋರಿಸಿದ್ದ. ಕರೆಂಟಿಗೆ ಆತ ನೆಚ್ಚಿಕೊಂಡಿದ್ದು ಬ್ಯಾಟರಿಗಳನ್ನ. ಸ್ಲಾವ್ಯಾನೊವ್ ಎರಡನ್ನೂ ಬದಲಾಯಿಸಿದ. ಬ್ಯಾಟರಿ ಬಿಟ್ಟು, ಡೈನಮೋದಿಂದ ನೇರವಾಗಿ ಕರೆಂಟ್ ತಗೊಂಡ. ಕಾರ್ಬನ್ ಬದಲು ಲೋಹದ ಕಡ್ಡಿಯನ್ನೇ ಎಲೆಕ್ಟ್ರೋಡ್ ಮಾಡಿದ. ಅಂದರೆ ಆರ್ಕ್ ಹಿಡಿದ ಕಡ್ಡಿಯೇ ಕರಗಿ ಗಾಯ ತುಂಬುತ್ತೆ. ಇವತ್ತು ನಾವು ಲ್ಯಾಬಿನಲ್ಲಿ ಹಿಡಿಯೋ ರಾಡ್ ಮಾಡೋದೂ ಅದನ್ನೇ. ಕಡ್ಡಿ ಕರಗಿದಷ್ಟೂ ತಾನೇ ಮುಂದೆ ಸರಿಯೋ ಹಾಗೆ ಒಂದು ಯಂತ್ರವನ್ನೂ ಕಟ್ಟಿದ್ದ. ಕರಗಿದ ಲೋಹಕ್ಕೆ ಗಾಳಿ ತಾಗದಿರಲಿ ಅಂತ ಮೇಲೆ ಕುಟ್ಟಿದ ಗಾಜಿನ ಪುಡಿ ಹಾಕ್ತಿದ್ದ. ಗಾಜು ಕರಗಿ ಕಿಟ್ಟದ ಹಾಗೆ ತೇಲಿ ಲೋಹವನ್ನ ಮುಚ್ಚಿಕೊಳ್ಳುತ್ತಿತ್ತು.

1888ರಲ್ಲಿ ಸರ್ಕಾರಿ ಆಯೋಗದ ಎದುರಿಗೇ ಸ್ಟೀಮ್ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟ್ ಒಂದನ್ನ ಹೀಗೆ ಬೆಸೆದು ತೋರಿಸಿದ. ಆಮೇಲಿನ ಕೆಲವೇ ವರ್ಷಗಳಲ್ಲಿ ಮೊತೊವಿಲಿಖಾದಲ್ಲಿ 1600ಕ್ಕೂ ಹೆಚ್ಚು ಪಾರ್ಟುಗಳು ಈ ವಿಧಾನದಲ್ಲಿ ರಿಪೇರಿಯಾದವು.

ನನಗೆ ಹಿಡಿಸಿದ್ದು ಆತ ಇಟ್ಟ ಹೆಸರು. ವೆಲ್ಡಿಂಗ್ ಅನ್ನಲಿಲ್ಲ, 'ಲೋಹಗಳ ವಿದ್ಯುತ್ ಎರಕ' ಅಂದ. 1892ರಲ್ಲಿ ಇದೇ ಹೆಸರಿನ ಪುಸ್ತಕವನ್ನೂ ತಂದ. ಬರೀ ಹೆಸರಲ್ವಾ ಅನ್ನಿಸಬಹುದು. ಆದರೆ ಆತನ ಕೆಲಸದ ಕ್ರಮ ನೋಡಿದರೆ ಅದು ನಿಜಕ್ಕೂ ಎರಕವೇ: ಗಾಯದ ಸುತ್ತ ಅಚ್ಚಿನ ಹಾಗೆ ಗೋಡೆ ಕಟ್ಟೋದು, ಪಾರ್ಟನ್ನ ಮೊದಲೇ ಕಾಯಿಸೋದು, ಆಮೇಲೆ ಆರ್ಕಿನಿಂದ ಲೋಹ ಕರಗಿಸಿ ತುಂಬೋದು. ಎರಡು ತುಂಡು ಅಂಟಿಸ್ತೀನಿ ಅಂದುಕೊಂಡವನ ಕಣ್ಣು ಜಾಯಿಂಟ್ ಮೇಲಿರುತ್ತೆ, ಎರಕ ಹೊಯ್ಯುವವನು ಇಡೀ ಪಾರ್ಟು ಹೇಗೆ ಬಿಸಿಯಾಗುತ್ತೆ, ಹೇಗೆ ತಣ್ಣಗಾಗುತ್ತೆ ಅಂತ ನೋಡಲೇಬೇಕು.

ಬೀಡಿನ ವಿಷಯದಲ್ಲಿ ನಾವು ಎಡವಿದ್ದು ಇಲ್ಲೇ. ಬೀಡಿನಲ್ಲಿ ಕಾರ್ಬನ್ ಶೇಕಡಾ 2ಕ್ಕಿಂತ ಜಾಸ್ತಿ, ಸಾಮಾನ್ಯವಾಗಿ 3ರ ಆಸುಪಾಸು. ತಣ್ಣಗಿರೋ ಹೌಸಿಂಗ್ ಮೇಲೆ ಆರ್ಕ್ ಹೊಡೆದರೆ ವೆಲ್ಡಿನ ಅಂಚು ಕೆಂಪಾಗಿ, ಸುತ್ತಲ ದಪ್ಪ ಲೋಹ ಆ ಶಾಖವನ್ನೆಲ್ಲಾ ಸರಕ್ಕನೆ ಎಳೆದುಕೊಳ್ಳುತ್ತೆ. ಆಗ ಅಂಚಿನಲ್ಲಿ ಗಾಜಿನಂಥ ಗಡಸು ಪದರ ಕಟ್ಟುತ್ತೆ. ಮೇಲಿನ ಸ್ಟೀಲ್ ವೆಲ್ಡ್ ತಣ್ಣಗಾಗ್ತಾ ಕುಗ್ಗಿ ಎಳೀತದೆ. ಬೀಡು ಬಾಗೋದಿಲ್ಲ, ಒಡೆಯುತ್ತೆ. ಅದೇ ಆ 'ಟಿಕ್'.

1893ರ ಷಿಕಾಗೋ ವಿಶ್ವಮೇಳಕ್ಕೆ ಸ್ಲಾವ್ಯಾನೊವ್ ಒಂದು ಲೋಟ ಕಳಿಸಿದ. ಎತ್ತರ 21 ಸೆಂಟಿಮೀಟರ್, ತೂಕ 5 ಕಿಲೋಗಿಂತ ಸ್ವಲ್ಪ ಜಾಸ್ತಿ. ಗಂಟೆಯ ಕಂಚು, ಟಾಂಬ್ಯಾಕ್, ನಿಕ್ಕಲ್, ಸ್ಟೀಲ್, ಬೀಡು, ತಾಮ್ರ, ಜರ್ಮನ್ ಸಿಲ್ವರ್, ಕಂಚು ಹೀಗೆ ಎಂಟು ಲೋಹಗಳನ್ನ ಒಂದರ ಮೇಲೊಂದು ಬೆಸೆದು, ಆಮೇಲೆ ಕಡೆದು ಮಾಡಿದ್ದು. ಅದರಲ್ಲಿ ಬೀಡು ಕೂತಿರೋದು ಸ್ಟೀಲಿಗೂ ತಾಮ್ರಕ್ಕೂ ನಡುವೆ. ಬೀಡಿಗೆ ಬ್ರಾಕೆಟ್ ಹಚ್ಚೋಕೆ ಹೋಗಿ ಸೋತವರಿಗೇ ಗೊತ್ತು ಅದೆಂಥ ಕೆಲಸ ಅಂತ. ಮೇಳದಲ್ಲಿ ಚಿನ್ನದ ಪದಕ ಬಂತು.

ನಾಲ್ಕೇ ವರ್ಷಕ್ಕೆ, 1897ರ ಅಕ್ಟೋಬರ್‌ನಲ್ಲಿ ಪೆರ್ಮ್‌ನಲ್ಲೇ ತೀರಿಕೊಂಡ. ವಯಸ್ಸು ಬರೀ 43. ಫ್ಲಕ್ಸ್ ಲೇಪಿಸಿದ ಎಲೆಕ್ಟ್ರೋಡ್‌ನಿಂದ ಹೆಸರಾದವನು ಸ್ವೀಡನ್ನಿನ ಆಸ್ಕರ್ ಶೆಲ್‌ಬರ್ಗ್. ಅದು ಮುಂದಿನ ಶತಮಾನದ ಮಾತು, ಅದನ್ನ ನೋಡೋಕೆ ಸ್ಲಾವ್ಯಾನೊವ್ ಇರಲಿಲ್ಲ. ಪೆರ್ಮ್‌ನಲ್ಲಿ ಈತನಿದ್ದ ಮನೆ ಈಗ ಮ್ಯೂಸಿಯಂ.

ನಮ್ಮ ಹೌಸಿಂಗ್ ಏನಾಯ್ತು ಅಂತ ಕೇಳ್ತೀರಾ? ಊರಾಚೆ ವೆಲ್ಡಿಂಗ್ ಶೆಡ್ ಇಟ್ಟಿರೋ ಒಬ್ಬ ಹಿರಿಯರ ಹತ್ರ ಹೊತ್ತುಕೊಂಡು ಹೋದೆವು. ನೋಡಿದ ಕೂಡಲೇ ಬೈದರು. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆದು, ನಾವು ಹೊಡೆದಿದ್ದನ್ನೆಲ್ಲಾ ಗ್ರೈಂಡ್ ಮಾಡಿ ತೆಗೆದು, ಗ್ಯಾಸ್ ಟಾರ್ಚಿನಲ್ಲಿ ಇಡೀ ಹೌಸಿಂಗನ್ನ ನಿಧಾನಕ್ಕೆ ಕಾಯಿಸಿದರು. ನಿಕ್ಕಲ್ ರಾಡಿನಲ್ಲಿ ಒಂದೊಂದೇ ಇಂಚು ಹಾಕಿ, ಬಿಸಿ ಇರುವಾಗಲೇ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಮುಂದಿನ ಇಂಚು. ಬ್ರಾಕೆಟ್‌ಗೆ ಮಾತ್ರ ವೆಲ್ಡ್ ಬೇಡವೇ ಬೇಡ, ಯು-ಬೋಲ್ಟ್ ಹಾಕಿ ಕ್ಲಾಂಪ್ ಮಾಡ್ಕೊಳ್ಳಿ ಅಂದರು. ಹಾಗೇ ಮಾಡಿದ್ವಿ. ರಿಪೇರಿ ಮುಗಿದ ಮೇಲೆ ಹೌಸಿಂಗನ್ನ ಒಣ ಮರಳಲ್ಲಿ ಹೂತು ಮನೆಗೆ ಹೋಗಿ ಅಂದಿದ್ದರು. ಮಾರನೇ ದಿನ ಬೆಳಗ್ಗೆ ತೆಗೆದಾಗ ಇನ್ನೂ ಬೆಚ್ಚಗಿತ್ತು.