ಆಲಿಸ್ ಹ್ಯಾಮಿಲ್ಟನ್

ಆಲಿಸ್ ಹ್ಯಾಮಿಲ್ಟನ್ (ಫೆಬ್ರವರಿ ೨೭, ೧೮೬೯ – ಸೆಪ್ಟೆಂಬರ್ ೨೨, ೧೯೭೦) ಅಮೆರಿಕದ ವೈದ್ಯೆ, ಸಂಶೋಧಕಿ ಹಾಗೂ ಸಮಾಜ ಸುಧಾರಕಿ. ಕಾರ್ಖಾನೆಗಳಲ್ಲಿ ಬಳಕೆಯಾಗುವ ರಾಸಾಯನಿಕಗಳಿಂದ ಕಾರ್ಮಿಕರಿಗೆ ಉಂಟಾಗುವ ವೃತ್ತಿಜನ್ಯ ರೋಗಗಳ ಅಧ್ಯಯನದಲ್ಲಿ ಇವರು ಅಗ್ರಗಣ್ಯರು. ಹಾರ್ವರ್ಡ್ ವಿಶ್ವವಿದ್ಯಾಲಯದ ಬೋಧಕವರ್ಗಕ್ಕೆ ನೇಮಕಗೊಂಡ ಮೊದಲ ಮಹಿಳೆಯೂ ಇವರೇ.

ಜನನ ಮತ್ತು ಶಿಕ್ಷಣ

ಆಲಿಸ್ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ಬಾಲ್ಯವನ್ನು ಇಂಡಿಯಾನಾ ರಾಜ್ಯದ ಫೋರ್ಟ್ ವೇಯ್ನ್ ಪಟ್ಟಣದಲ್ಲಿ ಕಳೆದರು. ಗ್ರೀಕ್ ಪುರಾಣಗಳ ಕುರಿತ ಕೃತಿಗಳಿಂದ ಹೆಸರಾದ ಎಡಿತ್ ಹ್ಯಾಮಿಲ್ಟನ್ ಇವರ ಅಕ್ಕ. ೧೮೯೩ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದ ಆಲಿಸ್, ಬಳಿಕ ಅಕ್ಕನೊಡನೆ ಜರ್ಮನಿಗೆ ತೆರಳಿ ಲೈಪ್‌ಜಿಗ್ ಮತ್ತು ಮ್ಯೂನಿಕ್‌ಗಳಲ್ಲಿ ಸೂಕ್ಷ್ಮಾಣುಶಾಸ್ತ್ರ ಹಾಗೂ ರೋಗಶಾಸ್ತ್ರವನ್ನು ಅಭ್ಯಸಿಸಿದರು.

ಹಲ್ ಹೌಸ್ ವಾಸ

೧೮೯೭ರಲ್ಲಿ ಷಿಕಾಗೋ ನಗರದ ಮಹಿಳಾ ವೈದ್ಯಕೀಯ ಶಾಲೆಯಲ್ಲಿ ರೋಗಶಾಸ್ತ್ರದ ಪ್ರಾಧ್ಯಾಪಕರಾದರು. ಅದೇ ಸಮಯದಲ್ಲಿ ಜೇನ್ ಆಡಮ್ಸ್ ನಡೆಸುತ್ತಿದ್ದ ಹಲ್ ಹೌಸ್ ಎಂಬ ಸೇವಾಕೇಂದ್ರದಲ್ಲಿ ನೆಲೆಸಿದರು. ಸುತ್ತಲಿನ ಬಡಾವಣೆಗಳಲ್ಲಿ ಯುರೋಪಿನಿಂದ ವಲಸೆ ಬಂದ ಕಾರ್ಮಿಕರೇ ಹೆಚ್ಚಾಗಿದ್ದರು. ದುಡಿಯುವ ಸ್ಥಳದ ವಿಷವಸ್ತುಗಳಿಂದ ಅವರ ಆರೋಗ್ಯ ಕೆಡುತ್ತಿರುವುದನ್ನು ಆಲಿಸ್ ಇಲ್ಲಿ ಹತ್ತಿರದಿಂದ ಕಂಡರು.

ಸೀಸದ ವಿಷದ ಸಮೀಕ್ಷೆ

೧೯೧೦ರಲ್ಲಿ ಇಲಿನಾಯ್ ರಾಜ್ಯ ಸರ್ಕಾರ ಕೈಗೊಂಡ ವೃತ್ತಿಜನ್ಯ ರೋಗಗಳ ಸಮೀಕ್ಷೆಯ ನೇತೃತ್ವ ಇವರಿಗೆ ದೊರೆಯಿತು. ಕೈ ತೊಳೆಯದೆ ಊಟ ಮಾಡುವುದರಿಂದಲೇ ಕಾರ್ಮಿಕರ ದೇಹಕ್ಕೆ ಸೀಸ ಸೇರುತ್ತದೆ ಎಂಬುದು ಆಗಿನ ಅನೇಕ ಮಾಲೀಕರ ವಾದವಾಗಿತ್ತು. ಮುಖ್ಯ ಅಪಾಯವಿರುವುದು ಉಸಿರಿನೊಡನೆ ಒಳಸೇರುವ ಧೂಳು ಮತ್ತು ಹೊಗೆಯಲ್ಲಿ ಎಂದು ಆಲಿಸ್ ತೋರಿಸಿಕೊಟ್ಟರು. ಬಣ್ಣ ತಯಾರಿಕೆಯಂತಹ ಪರಿಚಿತ ಉದ್ಯಮಗಳಲ್ಲದೆ, ಸ್ನಾನದ ತೊಟ್ಟಿಗಳಿಗೆ ಎನಾಮಲ್ ಲೇಪಿಸುವಂತಹ ಕೆಲಸಗಳಲ್ಲಿಯೂ ಸೀಸದ ವಿಷವಿರುವುದು ಬೆಳಕಿಗೆ ಬಂದಿತು. ಆಸ್ಪತ್ರೆಯ ದಾಖಲೆಗಳನ್ನು ಪರಿಶೀಲಿಸುವುದು, ಕಾರ್ಮಿಕರ ಮನೆಗಳಿಗೆ ಹೋಗಿ ವಿಚಾರಿಸುವುದು ಮತ್ತು ಕಾರ್ಖಾನೆಯೊಳಗೆ ಸ್ವತಃ ವೀಕ್ಷಿಸುವುದು ಇವರ ವಿಧಾನವಾಗಿತ್ತು. ಇದರ ಫಲವಾಗಿ ೧೯೧೧ರಲ್ಲಿ ಇಲಿನಾಯ್ ರಾಜ್ಯವು ಸುರಕ್ಷತಾ ಕ್ರಮ, ಮಾಸಿಕ ವೈದ್ಯಕೀಯ ತಪಾಸಣೆ ಹಾಗೂ ರೋಗಗಳ ವರದಿಯನ್ನು ಕಡ್ಡಾಯಗೊಳಿಸುವ ಕಾನೂನನ್ನು ಜಾರಿಗೆ ತಂದಿತು.

ನಂತರ ಇವರು ಕೇಂದ್ರ ಸರ್ಕಾರದ ವಿಶೇಷ ತನಿಖಾಧಿಕಾರಿಯಾದರು. ಕಾರ್ಖಾನೆಗಳನ್ನು ಬಲವಂತವಾಗಿ ಪ್ರವೇಶಿಸುವ ಅಧಿಕಾರ ಇವರಿಗಿರಲಿಲ್ಲ. ಮಾಲೀಕರ ಮುಂದೆ ಪುರಾವೆಗಳನ್ನಿಟ್ಟು ಮನವೊಲಿಸಿಯೇ ಎಷ್ಟೋ ಕಡೆ ಸುಧಾರಣೆ ತಂದರು. ಮೊದಲ ಮಹಾಯುದ್ಧದ ಕಾಲದ ಸ್ಫೋಟಕ ತಯಾರಿಕೆ, ಟೋಪಿ ಉದ್ಯಮದ ಪಾದರಸ, ರೇಯಾನ್ ಗಿರಣಿಗಳ ಕಾರ್ಬನ್ ಡೈಸಲ್ಫೈಡ್ ಇವೆಲ್ಲವೂ ಇವರ ಅಧ್ಯಯನಕ್ಕೆ ಒಳಪಟ್ಟವು.

ಹಾರ್ವರ್ಡ್ ಮತ್ತು ಸೀಸಯುಕ್ತ ಪೆಟ್ರೋಲ್

೧೯೧೯ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಇವರನ್ನು ಸಹಾಯಕ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಆದರೆ ಪದವಿ ಪ್ರದಾನದ ಮೆರವಣಿಗೆಯಲ್ಲಿ ಪಾಲ್ಗೊಳ್ಳುವ ಅವಕಾಶವಿರಲಿಲ್ಲ. ೧೯೩೫ರಲ್ಲಿ ನಿವೃತ್ತರಾಗುವವರೆಗೂ ಬಡ್ತಿ ದೊರೆಯಲಿಲ್ಲ.

೧೯೨೫ರ ಮೇ ತಿಂಗಳಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಪೆಟ್ರೋಲಿಗೆ ಟೆಟ್ರಾಈಥೈಲ್ ಸೀಸ ಬೆರೆಸುವುದನ್ನು ಇವರು ವಿರೋಧಿಸಿದರು. ಅಪಾಯ ಕಾರ್ಖಾನೆಯ ಗೋಡೆಗಳನ್ನು ದಾಟಿ ಬೀದಿಯ ಜನರನ್ನೂ ತಲುಪುತ್ತದೆ ಎಂಬುದು ಇವರ ಎಚ್ಚರಿಕೆಯಾಗಿತ್ತು. ಅದಕ್ಕೆ ಮನ್ನಣೆ ಸಿಗದೆ ಸೀಸಯುಕ್ತ ಪೆಟ್ರೋಲ್ ಲೋಕವ್ಯಾಪಿಯಾಯಿತು. ಭಾರತದಲ್ಲಿ ೨೦೦೦ದಲ್ಲಿ ಅದರ ಮಾರಾಟ ನಿಂತಿತು. ವಾಹನಗಳಲ್ಲಿ ಅದರ ಬಳಕೆ ವಿಶ್ವದಾದ್ಯಂತ ಕೊನೆಗೊಂಡದ್ದು ೨೦೨೧ರಲ್ಲಿ.

ಕೃತಿಗಳು ಮತ್ತು ಪ್ರಶಸ್ತಿ

ಅಮೆರಿಕದ ಕೈಗಾರಿಕಾ ವಿಷಗಳನ್ನು ಕುರಿತ ಗ್ರಂಥ (೧೯೨೫), ಕೈಗಾರಿಕಾ ವಿಷವಿಜ್ಞಾನದ ಪಠ್ಯ (೧೯೩೪) ಮತ್ತು ಆತ್ಮಕಥೆ (೧೯೪೩) ಇವರ ಪ್ರಮುಖ ಕೃತಿಗಳು. ೧೯೪೭ರಲ್ಲಿ ಲಾಸ್ಕರ್ ಪ್ರಶಸ್ತಿ ಲಭಿಸಿತು. ೧೯೯೫ರಲ್ಲಿ ಅಮೆರಿಕದ ಅಂಚೆ ಇಲಾಖೆ ಇವರ ಸ್ಮರಣಾರ್ಥ ಅಂಚೆಚೀಟಿ ಹೊರತಂದಿತು.

ನಿಧನ ಮತ್ತು ಪ್ರಭಾವ

ಕನೆಕ್ಟಿಕಟ್ ರಾಜ್ಯದ ಹ್ಯಾಡ್ಲೈಮ್‌ನಲ್ಲಿ ತಮ್ಮ ೧೦೧ನೆಯ ವಯಸ್ಸಿನಲ್ಲಿ ನಿಧನರಾದರು. ಸುಮಾರು ಮೂರು ತಿಂಗಳ ನಂತರ ಅಮೆರಿಕದಲ್ಲಿ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಕಾಯ್ದೆಗೆ ಅಂಕಿತ ಬಿದ್ದಿತು. ಆ ಕಾಯ್ದೆಯಡಿ ೧೯೮೩ರಲ್ಲಿ ರೂಪುಗೊಂಡ ನಿಯಮವು ರಾಸಾಯನಿಕಗಳ ಡಬ್ಬಗಳ ಮೇಲೆ ಅಪಾಯಸೂಚಕ ಲೇಬಲ್, ಸುರಕ್ಷತಾ ಮಾಹಿತಿ ಪತ್ರ ಮತ್ತು ಕಾರ್ಮಿಕರಿಗೆ ತರಬೇತಿಯನ್ನು ಕಡ್ಡಾಯಗೊಳಿಸಿತು. ೨೦೦೩ರಲ್ಲಿ ವಿಶ್ವಸಂಸ್ಥೆಯು ಇಂತಹ ಲೇಬಲ್‌ಗಳಿಗಾಗಿ ಜಾಗತಿಕ ಏಕರೂಪ ವ್ಯವಸ್ಥೆಯನ್ನು ಪ್ರಕಟಿಸಿತು. ಕಾರ್ಮಿಕರು ತಾವು ಮುಟ್ಟುವ ಮತ್ತು ಉಸಿರಾಡುವ ವಸ್ತುವಿನ ಗುಣವನ್ನು ಅರಿತಿರಬೇಕೆಂಬುದು ಈ ನಿಯಮಗಳ ತಿರುಳು. ಆಲಿಸ್ ಸಮೀಕ್ಷೆ ನಡೆಸಿದ ಕಾಲದಲ್ಲಿ ಆ ತಿಳಿವಳಿಕೆ ಅನೇಕ ಕಾರ್ಮಿಕರಿಗೆ ಇರಲಿಲ್ಲ.